ಯಾರು ಆಪ್ತರು?

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮಗೆಲ್ಲ ಗೊತ್ತು. ಕಣ್ಣಾರೆ ಕಂಡದ್ದನ್ನೇ ಪ್ರಮಾಣಿಸಿ ನೋಡಬೇಕು ಎಂದವರು, ಕಾಣದೆ ಬರೀ ಓದಿದ್ದನ್ನು ಎಷ್ಟು ಸಲ ಪ್ರಮಾಣಿಸಬೇಕು ಎಂದಾರು? ನಮ್ಮ ನಡೆ ಇದಕ್ಕೆ ತಿರುವುಮುರುವು. ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟನ್ನು ಬಿಡಿಸಿ, ಒಳಗೆ ಕೊಳೆತಿದೆಯೇ ಎಂದು ನೋಡಿಯೇ ದುಡ್ಡು ಕೊಡುತ್ತೇವೆ. ಅದೇ ಮೊಬೈಲಿಗೆ ಬಂದ ಸಂದೇಶವನ್ನು ಬಿಡಿಸಿ ನೋಡುವುದಿಲ್ಲ. ಬಂದ ಕಟ್ಟನ್ನು ಬಂದ ಹಾಗೆಯೇ ನಾಲ್ಕು ಗುಂಪುಗಳಿಗೆ ಹಂಚಿ, ಒಂದು ಒಳ್ಳೆಯ ಕೆಲಸ ಮಾಡಿದೆವೆಂದು ಚಹಾ ಕುಡಿಯುತ್ತೇವೆ.

ಹಿಂದೆ ‘ಪೇಪರಿನಲ್ಲಿ ಬಂದಿದೆ’ ಎಂದರೆ ಜಗಲಿಯ ವಾದ ಮುಗಿಯುತ್ತಿತ್ತು. ಈಗ ‘ಗ್ರೂಪಿನಲ್ಲಿ ಬಂದಿದೆ’ ಎಂದರೆ ಮುಗಿಯುತ್ತದೆ. ಸುಳ್ಳು ಬರೆಯುವವರು ಏಕೆ ಬರೆಯುತ್ತಾರೆ ಎಂಬುದು ದೊಡ್ಡ ರಹಸ್ಯವೇನಲ್ಲ. ಕೆಲವರಿಗೆ ಓಟು, ಕೆಲವರಿಗೆ ದುಡ್ಡು, ಕೆಲವರಿಗೆ ಬರೀ ಮೋಜು. ಓದುವ ನಾವು ಅದನ್ನು ಏಕೆ ಒಪ್ಪುತ್ತೇವೆ ಎಂಬುದು ಹೆಚ್ಚು ಕುತೂಹಲದ ಪ್ರಶ್ನೆ. ಈ ಸಲದ ಅಂಕಣ ಅದರ ಬಗ್ಗೆ.

ಮೊದಲಿಗೆ ನಿಮ್ಮಲ್ಲಿ ಬಹುತೇಕರು ಓದಿರಬಹುದಾದ ಒಂದು ‘ಭಾಷಣ’ವನ್ನೇ ನೋಡೋಣ. ಲಾರ್ಡ್ ಮೆಕಾಲೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾತಾಡಿದನಂತೆ. ತಾನು ಭಾರತವನ್ನು ಉದ್ದಗಲಕ್ಕೂ ಸುತ್ತಿದ್ದೇನೆ, ಒಬ್ಬ ಭಿಕ್ಷುಕನನ್ನಾಗಲಿ ಒಬ್ಬ ಕಳ್ಳನನ್ನಾಗಲಿ ಕಾಣಲಿಲ್ಲ, ಇಂಥ ದೇಶವನ್ನು ಗೆಲ್ಲಬೇಕಾದರೆ ಅದರ ಬೆನ್ನೆಲುಬಾದ ಹಳೆಯ ವಿದ್ಯಾಪದ್ಧತಿಯನ್ನು ಮುರಿಯಬೇಕು ಎಂದನಂತೆ. ಶಿಕ್ಷಕರ ದಿನ, ಸ್ವಾತಂತ್ರ್ಯ ದಿನ ಹತ್ತಿರ ಬಂದಾಗಲೆಲ್ಲ ಮೆಕಾಲೆಯ ಚಿತ್ರದ ಜೊತೆ ಇದು ಮತ್ತೆ ಜೀವ ಪಡೆಯುತ್ತದೆ. ದೊಡ್ಡ ದೊಡ್ಡವರ ಭಾಷಣಗಳಲ್ಲೂ ಬಂದುಹೋಗಿದೆ.

ಒಂದೇ ಒಂದು ಪ್ರಶ್ನೆ ಕೇಳೋಣ. ಆ ದಿನ ಮೆಕಾಲೆ ಎಲ್ಲಿದ್ದ? ಲಂಡನ್ನಿನಲ್ಲಿ ಇರಲಿಲ್ಲ, ಕಲ್ಕತ್ತೆಯಲ್ಲಿದ್ದ. 1834ರ ಜೂನ್ 10ರಂದು ಮದ್ರಾಸಿನಲ್ಲಿ ಹಡಗಿನಿಂದ ಇಳಿದಿದ್ದ. ಗವರ್ನರ್ ಜನರಲ್ ಬೆಂಟಿಂಕ್ ಆಗ ಊಟಿಯಲ್ಲಿದ್ದುದರಿಂದ ಪಲ್ಲಕ್ಕಿ ಏರಿ ನಮ್ಮ ಬೆಂಗಳೂರು, ಮೈಸೂರುಗಳ ಮೇಲೆ ಹಾದು ನೀಲಗಿರಿಗೆ ಹೋದ. ಮಳೆಗಾಲವನ್ನು ಅಲ್ಲಿ ಕಳೆದು, ಮದ್ರಾಸಿಗೆ ಮರಳಿ, ಸಮುದ್ರದ ದಾರಿಯಲ್ಲಿ ಕಲ್ಕತ್ತೆ ಸೇರಿದ. ಎಂಟು ತಿಂಗಳಲ್ಲಿ ಅವನು ಕಂಡ ಭಾರತ ಇಷ್ಟೇ. ‘ಉದ್ದಗಲ’ ಎಂಬ ಮಾತಿಗೆ ಇಲ್ಲಿ ಉದ್ದವೂ ಇಲ್ಲ, ಅಗಲವೂ ಇಲ್ಲ. ಹಡಗಿನಲ್ಲಿ ಒಂದು ಕಡೆಯ ಪ್ರಯಾಣಕ್ಕೆ ನಾಲ್ಕು ತಿಂಗಳು ಹಿಡಿಯುತ್ತಿದ್ದ ಕಾಲದಲ್ಲಿ, ಕಲ್ಕತ್ತೆಯಲ್ಲಿದ್ದವನು ಅದೇ ದಿನ ಲಂಡನ್ನಿನಲ್ಲಿ ಭಾಷಣ ಮಾಡುವುದು ಹೇಗೆ?

ತಾರೀಕು ಮಾತ್ರ ಸುಳ್ಳಲ್ಲ. ಅದೇ ಫೆಬ್ರವರಿ 2ರಂದು ಮೆಕಾಲೆ ಕಲ್ಕತ್ತೆಯಲ್ಲಿ ಶಿಕ್ಷಣದ ಬಗ್ಗೆ ತನ್ನ ಪ್ರಸಿದ್ಧ ಟಿಪ್ಪಣಿ ಬರೆದ. ಅದು ಇಂದಿಗೂ ಓದಲು ಸಿಗುತ್ತದೆ. ತನಗೆ ಸಂಸ್ಕೃತವೂ ಅರಬ್ಬಿಯೂ ಬಾರದು ಎಂದು ಅದರಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಹಾಗೆ ಒಪ್ಪಿಕೊಂಡ ಬೆನ್ನಿಗೇ, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟಿನ ಪುಸ್ತಕಗಳು ಭಾರತ ಮತ್ತು ಅರೇಬಿಯಾಗಳ ಇಡೀ ಸಾಹಿತ್ಯಕ್ಕೆ ಸಮ ಎಂಬ ಅರ್ಥದ ಮಾತು ಬರುತ್ತದೆ. ರಕ್ತದಲ್ಲಿ ಭಾರತೀಯರಾಗಿದ್ದು ಅಭಿರುಚಿಯಲ್ಲಿ ಇಂಗ್ಲಿಷರಾದ ಒಂದು ವರ್ಗವನ್ನು ತಯಾರಿಸಬೇಕು ಎಂಬ ಮಾತೂ ಅಲ್ಲೇ ಇದೆ. 1835ರ ಮಾರ್ಚ್ 7ರಂದು ಬೆಂಟಿಂಕ್ ಅದಕ್ಕೆ ಒಪ್ಪಿಗೆ ಕೊಟ್ಟ.

ನಿಜವಾದ ದಾಖಲೆಯಲ್ಲಿ ಮೆಕಾಲೆ ನಮ್ಮನ್ನು ತಾತ್ಸಾರ ಮಾಡಿದ್ದಾನೆ. ಸುಳ್ಳು ಭಾಷಣದಲ್ಲಿ ನಮ್ಮನ್ನು ಕಂಡು ಬೆರಗಾಗಿದ್ದಾನೆ. ಅವನನ್ನು ಟೀಕಿಸಬೇಕಾದವರಿಗೆ ನಿಜವಾದ ಟಿಪ್ಪಣಿಯೇ ಬೇಕಾದಷ್ಟಾಯಿತು. ಆದರೂ ಜನ ಹಂಚುವುದು ಸುಳ್ಳನ್ನು. ಏಕೆ? ಶತ್ರುವಿನ ಬಾಯಿಂದ ಹೊಗಳಿಕೆ ಕೇಳುವ ಸುಖ ನಿಜವಾದ ಟಿಪ್ಪಣಿಯಲ್ಲಿ ಇಲ್ಲ. ಕಳ್ಳರೇ ಇಲ್ಲದ ನಾಡು ಎಂಬ ಮಾತನ್ನು ಓದುವಾಗ, ಕಳ್ಳರನ್ನು ಹಿಡಿಯುವ ಬಗೆಯನ್ನು ಕೌಟಿಲ್ಯನ ಅರ್ಥಶಾಸ್ತ್ರ ‘ಕಂಟಕಶೋಧನ’ ಎಂಬ ಅಧಿಕರಣದಲ್ಲಿ ವಿಸ್ತಾರವಾಗಿ ಹೇಳಿರುವುದು ನಮಗೆ ನೆನಪಾಗುವುದಿಲ್ಲ. ಕಳಬೇಡಿ ಎಂದು ಹನ್ನೆರಡನೆಯ ಶತಮಾನದ ಶರಣರು ಹೇಳಬೇಕಾಗಿ ಬಂದದ್ದೂ ನೆನಪಾಗುವುದಿಲ್ಲ. ಹಿತವಾದ ಮಾತಿನ ಮುಂದೆ ನೆನಪು ಬಾಗಿಲು ಹಾಕಿಕೊಳ್ಳುತ್ತದೆ.

ಎಲ್ಲ ತಪ್ಪು ಮಾಹಿತಿಯೂ ಹೀಗೆ ಹುಟ್ಟಿನಿಂದಲೇ ಸುಳ್ಳಾಗಿರುವುದಿಲ್ಲ. ಕೆಲವು ಒಂದು ಕಾಲಕ್ಕೆ ನಿಜವಾಗಿದ್ದು ಆಮೇಲೆ ಹಳಸಿದವು. ನವೆಂಬರ್ ಬಂತೆಂದರೆ ನಮ್ಮ ಸಂಘಗಳ ಆಹ್ವಾನ ಪತ್ರಿಕೆಗಳಲ್ಲಿ, ಸ್ವಾಗತ ಭಾಷಣಗಳಲ್ಲಿ ತಪ್ಪದೆ ಬರುವ ಒಂದು ವಾಕ್ಯವಿದೆ: ದೇಶದಲ್ಲೇ ಅತಿ ಹೆಚ್ಚು ಜ್ಞಾನಪೀಠ ಪ್ರಶಸ್ತಿ ಪಡೆದ ಭಾಷೆ ಕನ್ನಡ. 1998ರಲ್ಲಿ ಗಿರೀಶ ಕಾರ್ನಾಡರು ಕನ್ನಡಕ್ಕೆ ಏಳನೆಯ ಜ್ಞಾನಪೀಠ ತಂದಾಗ ಈ ಮಾತು ಅಕ್ಷರಶಃ ನಿಜ. ಹಿಂದಿಗೆ ಆಗ ಐದು ಬಂದಿದ್ದವು. 2010ನೇ ಸಾಲಿನ ಪ್ರಶಸ್ತಿ ಚಂದ್ರಶೇಖರ ಕಂಬಾರರಿಗೆ ಬಂದು ನಮ್ಮದು ಎಂಟಾಯಿತು. ಅಷ್ಟರಲ್ಲೇ ಹಿಂದಿ ಒಂಬತ್ತಕ್ಕೆ ಹೋಗಿತ್ತು. 2024ನೇ ಸಾಲಿನ ಪ್ರಶಸ್ತಿ ವಿನೋದ್ ಕುಮಾರ್ ಶುಕ್ಲ ಅವರಿಗೆ ಬಂದ ಮೇಲೆ ಹಿಂದಿಯ ಲೇಖಕರ ಸಂಖ್ಯೆ ಹನ್ನೆರಡು. ವಾಕ್ಯ ಮಾತ್ರ 1998ರಲ್ಲೇ ನಿಂತಿದೆ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ಇರುತ್ತದೆ, ವಾಕ್ಯದ ಮೇಲೆ ಇರುವುದಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕು.

ಇದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲ. ಹಿಂದಿಗೆ ಹನ್ನೆರಡಾದ ಮಾತ್ರಕ್ಕೆ ಕುವೆಂಪು ಅವರ ತೂಕ ಕಡಿಮೆಯಾಗುವುದಿಲ್ಲ. ಎಣಿಕೆಯಲ್ಲೇ ಮುಳುಗಿದವರ ಕಣ್ಣಿಗೆ ಬೀಳದ ಸಂಗತಿ ಬೇರೆ ಇದೆ. ನಮ್ಮ ಆ ಎಂಟು ಮಂದಿಯಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಮನೆಯೊಳಗೆ ಒಂದು, ಹೊರಗೆ ಒಂದು ಭಾಷೆಯಾಡಿ ಬದುಕುವ ನಮಗೆ ‘ನಂಬರ್ ಒನ್’ ಎಂಬ ಹಳಸಿದ ವಾಕ್ಯಕ್ಕಿಂತ ಈ ನಿಜವೇ ಹೆಚ್ಚು ಹೆಮ್ಮೆ ತರಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಥ ಮಾತುಗಳನ್ನು ನಾವು ನಂಬುವುದು ಏಕೆ? ಕಳಿಸಿದವರು ಆಪ್ತರು ಎಂಬ ಕಾರಣಕ್ಕೆ. ಕಳಿಸಿದ್ದು ಅತ್ತಿಗೆ, ಹಳೆಯ ಸಹಪಾಠಿ, ಸಂಘದ ಕಾರ್ಯದರ್ಶಿ. ಅವರು ನಮಗೇಕೆ ಸುಳ್ಳು ಹೇಳುತ್ತಾರೆ?

ಈ ‘ಆಪ್ತ’ ಎಂಬ ಪದದಲ್ಲೇ ಗುಟ್ಟಿದೆ. ನಮ್ಮ ಹಳೆಯ ನ್ಯಾಯಶಾಸ್ತ್ರ ಅರಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕೊನೆಯದಾದ ‘ಶಬ್ದ’ ಎಂದರೆ ಇನ್ನೊಬ್ಬರ ಮಾತು. ನಾವು ಓದುವುದೆಲ್ಲ ಇದರಲ್ಲೇ ಬರುತ್ತದೆ. ಆದರೆ ಎಲ್ಲರ ಮಾತೂ ಪ್ರಮಾಣವಲ್ಲ, ಆಪ್ತನ ಮಾತು ಮಾತ್ರ ಪ್ರಮಾಣ ಎನ್ನುತ್ತದೆ ನ್ಯಾಯಸೂತ್ರ. ಅಲ್ಲಿ ಆಪ್ತ ಎಂದರೆ ನೆಂಟನೂ ಅಲ್ಲ, ಗೆಳೆಯನೂ ಅಲ್ಲ. ವಿಷಯವನ್ನು ತಾನೇ ನೇರವಾಗಿ ತಿಳಿದವನು, ತಿಳಿದದ್ದನ್ನು ತಿಳಿದ ಹಾಗೆಯೇ ಹೇಳುವ ಮನಸ್ಸುಳ್ಳವನು. ಭಾಷ್ಯ ಬರೆದ ವಾತ್ಸ್ಯಾಯನ ಒಂದು ಹೆಜ್ಜೆ ಮುಂದೆ ಹೋಗಿ, ಋಷಿಗಾಗಲಿ, ಆರ್ಯನಿಗಾಗಲಿ, ಮ್ಲೇಚ್ಛನಿಗಾಗಲಿ ಈ ಲಕ್ಷಣ ಸಮಾನ ಎಂದ. ಅಂದರೆ ಹೇಳಿದವನು ನಮ್ಮವನೇ, ಪರಕೀಯನೇ ಎಂಬುದು ಲೆಕ್ಕಕ್ಕಿಲ್ಲ. ಕಂಡವನೇ, ಕಂಡಂತೆ ಹೇಳಿದನೇ, ಅಷ್ಟೇ ಪ್ರಶ್ನೆ.

ಕನ್ನಡದಲ್ಲಿ ಇಂದು ಆಪ್ತರು ಎಂದರೆ ಹತ್ತಿರದವರು. ಪದದ ಅರ್ಥ ಜಾರಿದ ಹಾಗೆಯೇ ನಮ್ಮ ನಂಬಿಕೆಯೂ ಜಾರಿದೆ. ಇಂದಿನ ಅರ್ಥದ ಆಪ್ತರು ಕಳಿಸಿದ್ದಕ್ಕೆ ಅಂದಿನ ಅರ್ಥದ ಆಪ್ತವಾಕ್ಯದ ಬೆಲೆ ಕೊಡುತ್ತಿದ್ದೇವೆ. ಅತ್ತಿಗೆಗೆ ನಮ್ಮ ಮೇಲೆ ಪ್ರೀತಿಯಿರುವುದು ನಿಜ. ಆದರೆ 1835ರಲ್ಲಿ ಪಾರ್ಲಿಮೆಂಟಿನಲ್ಲಿ ಏನಾಯಿತು ಎಂಬುದಕ್ಕೆ ಆ ಪ್ರೀತಿ ಸಾಕ್ಷಿಯಲ್ಲ.

ಮೆಕಾಲೆ, ಜ್ಞಾನಪೀಠದಂಥ ವಿಷಯಗಳಲ್ಲಿ ಈ ಗೊಂದಲದಿಂದ ಯಾರ ಪ್ರಾಣವೂ ಹೋಗಲಿಲ್ಲ. ಹೆಮ್ಮೆಯ ಸುಳ್ಳಿಗೆ ಬೆಲೆ ಕಡಿಮೆ. ಆದರೆ ಹಿತವಾದದ್ದನ್ನು ಪ್ರಶ್ನಿಸದೆ ನುಂಗುವ ಅಭ್ಯಾಸವಾದ ಗಂಟಲು ಭಯವನ್ನೂ ಹಾಗೆಯೇ ನುಂಗುತ್ತದೆ. ಅದರ ಬೆಲೆ ಏನೆಂಬುದು 2018ರಲ್ಲಿ ಗೊತ್ತಾಯಿತು.

ಆ ವರ್ಷ ಕನ್ನಡ, ತಮಿಳು, ತೆಲುಗು, ಮರಾಠಿ ಮೊಬೈಲುಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ‘ನಮ್ಮ ಊರಿಗೆ ಮಕ್ಕಳ ಕಳ್ಳರ ತಂಡ ಬಂದಿದೆ, ಎಚ್ಚರ’ ಎಂಬ ಬರಹ ಜೊತೆಗೆ. ಆ ಚಿತ್ರ ನಮ್ಮ ಊರಿನದಲ್ಲ, ಪಾಕಿಸ್ತಾನದ ಕರಾಚಿಯದು. ಕಳ್ಳತನದ ದೃಶ್ಯವೂ ಅಲ್ಲ. ಮಕ್ಕಳ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸಲು ಅಲ್ಲಿನ ಒಂದು ಸಂಸ್ಥೆ ಮಾಡಿಸಿದ ಜಾಹೀರಾತು. ಪೂರ್ತಿ ಚಿತ್ರದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ, ಒಂದು ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಕೆಲವು ಕ್ಷಣಗಳನ್ನು ಕತ್ತರಿಸಿದರು. ಉಳಿದ ಭಾಗದಲ್ಲಿ ಒಂದು ಚೌಕಟ್ಟೂ ಹೊಸದಾಗಿ ಸೃಷ್ಟಿಸಿದ್ದಲ್ಲ. ತುಂಡು ಮಾಡಿದ್ದೇ ಸುಳ್ಳು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಮೆಗೆಂದು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಅದೇ ತಿಂಗಳು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಲ್ಲಿ, ಚೆನ್ನೈಯಿಂದ ಕುಟುಂಬದ ಜೊತೆ ದೇವಸ್ಥಾನಕ್ಕೆ ಹೊರಟಿದ್ದ ವಯಸ್ಸಾದ ಮಹಿಳೆ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದಕ್ಕೆ ಪ್ರಾಣ ಕಳೆದುಕೊಂಡರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯನ್‌ಪಾಡಾದಲ್ಲಿ, ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಸಮುದಾಯದ ಐದು ಮಂದಿ ಸತ್ತರು. ಅವರು ನಮ್ಮ ಗಡಿಗೆ ಹತ್ತಿರದ ಸೊಲ್ಲಾಪುರ ಕಡೆಯವರು. ಜುಲೈ 13ರಂದು ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ, ಗೆಳೆಯರ ಜೊತೆ ಕಾರಿನಲ್ಲಿ ಬಂದಿದ್ದ ಹೈದರಾಬಾದಿನ ಒಬ್ಬ ಎಂಜಿನಿಯರ್. ಅವರೂ ಮಾಡಿದ್ದು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ. ಕಾರು ಊರು ದಾಟುವ ಮೊದಲೇ ಮುಂದಿನ ಊರಿಗೆ ವಾಟ್ಸಾಪಿನಲ್ಲಿ ಸುದ್ದಿ ಮುಟ್ಟಿತ್ತು, ರಸ್ತೆಗೆ ಅಡ್ಡ ಕಟ್ಟಿಯಾಗಿತ್ತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು.

ಸತ್ತವರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಜಾತಿ ಬೇರೆ, ಧರ್ಮ ಬೇರೆ, ವಯಸ್ಸು ಬೇರೆ. ಸಮಾನವಾದದ್ದು ಒಂದೇ, ಅವರೆಲ್ಲ ಆ ಊರಿಗೆ ಹೊರಗಿನವರು. ಗಾಳಿ ಸುದ್ದಿಗೆ ಒಂದು ಮುಖ ಬೇಕಾದಾಗ ಜನ ಮೊದಲು ನೋಡುವುದು ಪರಿಚಯವಿಲ್ಲದ ಮುಖವನ್ನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಇನ್ನೊಂದು ಭಾಷೆಯ ನಡುವೆ ಬದುಕುವ ನಾವು ಇದನ್ನು ದೂರದ ಸುದ್ದಿಯೆಂದು ಓದಲಾಗದು. ಎಲ್ಲೋ ಒಂದು ಕಡೆ ನಾವೂ ಆ ಪರಿಚಯವಿಲ್ಲದ ಮುಖವೇ.

ಹೊರಗಿನವರನ್ನು ಕೊಲ್ಲದೆ, ಬರೀ ಓಡಿಸಲೂ ಸುಳ್ಳಿಗೆ ಬರುತ್ತದೆ. 2012ರ ಆಗಸ್ಟಿನಲ್ಲಿ ಅಸ್ಸಾಮಿನಲ್ಲಿ ಗಲಭೆಯಾದ ಹೊತ್ತಿನಲ್ಲಿ, ಹಬ್ಬ ಮುಗಿದ ಮೇಲೆ ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಹರಿದಾಡಿದವು. ಎರಡು ಮೂರು ದಿನಗಳಲ್ಲಿ ಸಾವಿರಾರು ಜನ ಚೀಲ ಹೊತ್ತು ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಪುಣೆ, ಚೆನ್ನೈ, ಹೈದರಾಬಾದುಗಳಿಂದಲೂ ಜನ ಹೊರಟರು. ಹೋಟೆಲು, ಬ್ಯೂಟಿ ಪಾರ್ಲರು, ಕಾವಲಿನ ಕೆಲಸಗಳಲ್ಲಿದ್ದವರ ಸಂಬಳ, ವಿದ್ಯಾರ್ಥಿಗಳ ತರಗತಿ ಎಲ್ಲವೂ ಅರ್ಧಕ್ಕೆ ನಿಂತವು. ದಿನಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸದಂತೆ ಕೇಂದ್ರ ಸರಕಾರ ಕೆಲವು ದಿನ ಮಿತಿ ಹಾಕಿತು. 2018ರ ಜುಲೈಯಲ್ಲಿ ವಾಟ್ಸಾಪ್ ಕೂಡ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿಯನ್ನೇ ತಂದಿತು. ಈಗ ಸಂದೇಶದ ಮೇಲೆ ಎರಡು ಬಾಣಗಳ ಗುರುತು ಕಂಡರೆ ಅದು ಅನೇಕ ಕೈ ದಾಟಿ ಬಂದದ್ದು ಎಂದರ್ಥ. ಕೈ ದಾಟಿದಷ್ಟೂ ಕಂಡವನಿಂದ ದೂರ. ನಾವು ಮಾತ್ರ ಅದನ್ನು ‘ಎಲ್ಲರೂ ಕಳಿಸುತ್ತಿದ್ದಾರೆ, ನಿಜವೇ ಇರಬೇಕು’ ಎಂದು ಓದುತ್ತೇವೆ.

ಹಾಗಾದರೆ ಏನನ್ನೂ ನಂಬದಿರುವುದೇ ಜಾಣತನವೇ? ಅಲ್ಲ. ‘ಎಲ್ಲ ಪತ್ರಿಕೆಗಳೂ ಸುಳ್ಳು, ಎಲ್ಲರೂ ಮಾರಿಕೊಂಡವರೇ’ ಎನ್ನುವವರು ಹೆಚ್ಚು ವಿಚಾರವಂತರಂತೆ ಕಾಣುತ್ತಾರೆ. ಆದರೆ ಎಲ್ಲವನ್ನೂ ನಂಬುವವನಿಗೂ ಯಾವುದನ್ನೂ ನಂಬದವನಿಗೂ ಒಂದು ಅನುಕೂಲ ಸಮಾನ. ಇಬ್ಬರೂ ಕುಳಿತಲ್ಲಿಂದ ಏಳಬೇಕಾಗಿಲ್ಲ, ಏನನ್ನೂ ಹುಡುಕಬೇಕಾಗಿಲ್ಲ. ಪ್ರಮಾಣಿಸಿ ನೋಡು ಎಂದರೆ ಅನುಮಾನಿಸುತ್ತ ಕೂಡು ಎಂದಲ್ಲ. ನೋಡು ಎಂಬುದೇ ಮುಖ್ಯ ಕ್ರಿಯಾಪದ.

ನೋಡುವುದಕ್ಕೆ ದೊಡ್ಡ ವಿದ್ಯೆ ಬೇಡ. ಇದು ಯಾವ ದಿನ, ಯಾವ ಊರಿನಲ್ಲಿ ನಡೆದದ್ದು? ಕಂಡವರು ಯಾರು? ಇದರ ಹಿಂದೆ ಮುಂದೆ ಏನಿತ್ತು, ಕತ್ತರಿಸಿದ್ದೇನು? ಈ ಮೂರಕ್ಕೆ ಉತ್ತರವಿಲ್ಲದ ಸಂದೇಶ ನಮ್ಮ ಮೊಬೈಲಿನಲ್ಲೇ ಕೊನೆಯಾಗಲಿ. ನಾಲ್ಕನೆಯ ಪ್ರಶ್ನೆ ನಮ್ಮನ್ನೇ ಕೇಳಿಕೊಳ್ಳುವಂಥದ್ದು: ಇದು ನನಗೆ ಇಷ್ಟು ಬೇಗ ಒಪ್ಪಿಗೆಯಾದದ್ದು ಏಕೆ? ಓದಿದ ಕೂಡಲೇ ಎದೆ ಉಬ್ಬಿದರೆ ಅಥವಾ ಎದೆ ನಡುಗಿದರೆ, ಬೆರಳನ್ನು ತಡೆಯಬೇಕಾದ ಹೊತ್ತು ಅದೇ.

ಇಲ್ಲಿ ನಮಗೆ, ಹೊರನಾಡಿನ ಕನ್ನಡಿಗರಿಗೆ, ಊರಿನಲ್ಲಿರುವವರಿಗೆ ಇಲ್ಲದ ಒಂದು ಅನುಕೂಲವಿದೆ. 2016ರ ಸೆಪ್ಟೆಂಬರ್ 12ನ್ನು ನೆನೆಯಿರಿ. ಕಾವೇರಿ ವಿವಾದ ಬಿಸಿಯಾಗಿತ್ತು. ನಸುಕಿನಲ್ಲಿ ಚೆನ್ನೈಯಲ್ಲಿ ಕನ್ನಡಿಗರ ಒಡೆತನದ ಒಂದು ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಒಂದು ಟ್ರಾವೆಲ್ಸ್ ಕಂಪನಿಯ ಹತ್ತಾರು ಬಸ್ಸುಗಳು ಬೆಂಕಿಗೆ ಹೋದವು. ಎರಡೂ ನಿಜ. ಆದರೆ ‘ಒಂದು ಹೋಟೆಲು’ ಎಂಬುದು ಗಡಿ ದಾಟುವಾಗ ‘ಚೆನ್ನೈಯ ಕನ್ನಡಿಗರೆಲ್ಲ’ ಎಂದಾಗುತ್ತದೆ, ‘ಒಂದು ಡಿಪೋ’ ಎಂಬುದು ‘ಬೆಂಗಳೂರಿನ ತಮಿಳರೆಲ್ಲ’ ಎಂದಾಗುತ್ತದೆ. ನಿಜವಾದ ಸುದ್ದಿಯೂ ಏಕವಚನದಿಂದ ಬಹುವಚನಕ್ಕೆ ಹಾರಿದರೆ ಸುಳ್ಳಾಗುತ್ತದೆ. ಅಂಥ ಹೊತ್ತಿನಲ್ಲಿ ತನ್ನ ಬೀದಿಯಲ್ಲಿ ಏನಾಗುತ್ತಿದೆ, ಏನಾಗುತ್ತಿಲ್ಲ ಎಂದು ಕನ್ನಡದಲ್ಲಿ ಊರಿಗೆ ಹೇಳಬಲ್ಲವರು ಚೆನ್ನೈಯ ಕನ್ನಡಿಗರು. ಬೆಳಗಾವಿಯ ಗಡಿ ಮಾತು ಎದ್ದಾಗ ಕೊಲ್ಲಾಪುರದ, ಪುಣೆಯ ಕನ್ನಡಿಗರು. ನ್ಯಾಯಶಾಸ್ತ್ರದ ಅರ್ಥದಲ್ಲಿ ನಿಜವಾದ ಆಪ್ತರು ಅವರೇ. ಕಂಡವರು, ಕಂಡಂತೆ ಹೇಳಬಲ್ಲವರು, ಎರಡೂ ಕಡೆಯ ಭಾಷೆ ಬಲ್ಲವರು.

ಈ ಕೆಲಸವನ್ನು ಜಗಳವಿಲ್ಲದೆ ಮಾಡಲೂ ಬರುತ್ತದೆ. ಮನೆಯ ಗುಂಪಿನಲ್ಲಿ ದೊಡ್ಡಪ್ಪ ಏನೋ ಹಾಕಿದರೆ ಐವತ್ತು ಜನರ ಮುಂದೆ ‘ಇದು ಫೇಕ್’ ಎಂದು ಬರೆಯಬೇಡಿ. ಅವರಿಗೆ ಮಾಹಿತಿಗಿಂತ ಮರ್ಯಾದೆ ದೊಡ್ಡದಾಗಿ, ಆ ಸುಳ್ಳಿನ ಪರವಾಗಿ ವಾದಕ್ಕೆ ನಿಲ್ಲುತ್ತಾರೆ. ಒಂದು ಫೋನು ಮಾಡಿ. ‘ದೊಡ್ಡಪ್ಪ, ನಾನು ಇಲ್ಲೇ ಇದ್ದೀನಲ್ಲ, ಬೆಳಗ್ಗೆ ಅದೇ ರಸ್ತೆಯಲ್ಲಿ ಹೋಗಿಬಂದೆ, ಹಾಗೇನೂ ಇಲ್ಲ’ ಎನ್ನಿ. ಹೇಗಿದ್ದೀರಿ, ಮಳೆ ಆಯಿತೇ ಎಂದೂ ಕೇಳಿ. ಹತ್ತರಲ್ಲಿ ಏಳು ಸಲ ಅವರೇ ಅದನ್ನು ಅಳಿಸುತ್ತಾರೆ. ಉಳಿದ ಮೂರು ಸಲ ಅಳಿಸದಿದ್ದರೂ, ಮುಂದಿನ ಸಲ ಕಳಿಸುವ ಮೊದಲು ‘ಇದು ಹೌದೇನಪ್ಪಾ?’ ಎಂದು ನಿಮ್ಮನ್ನು ಕೇಳುತ್ತಾರೆ. ಮುರ್ಕಿಯ ರಸ್ತೆಗೆ ಅಡ್ಡ ಕಟ್ಟುವ ಮೊದಲು ಅಂದು ಯಾರಾದರೊಬ್ಬರು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.